ಮೋಜಿನ ದೋಣಿಗೆ ಲೈಫ್ ಜಾಕೆಟ್, ಹೊಟ್ಟೆಪಾಡಿನ ತೆಪ್ಪಕ್ಕೆ ಬರೀ ಡಂಗುರ!

(ನಮ್ಮ ಪ್ರತಿನಿಧಿಯಿಂದ)

ಮಲ್ಲಟ: ಸೋಮವಾರ ಬೆಳಿಗ್ಗೆ ಬಸ್ಸು ಎಂದಿನಂತೆ ತಡ. ಬಸ್ ಸ್ಟ್ಯಾಂಡಿನ ಚಹಾದಂಗಡಿ ಬೆಂಚಿನ ಮೇಲೆ ಕಾಲೇಜು ಹುಡುಗನೊಬ್ಬ ಗೆಳೆಯರಿಗೆ ಮೊಬೈಲಿನಲ್ಲಿ ಫೋಟೋ ತೋರಿಸುತ್ತಿದ್ದ. ಗಂಗಾವತಿ ತಾಲೂಕಿನ ಸಾಣಾಪುರ ಕೆರೆಯ ಫೋಟೋ. ಗುಂಡನೆಯ ಹರಗೋಲು, ಅದರೊಳಗೆ ಐದಾರು ಮಂದಿ ಪಟ್ಟಣದವರು, ಎಲ್ಲರ ಎದೆಗೂ ಕಿತ್ತಳೆ ಬಣ್ಣದ ಜಾಕೆಟ್, ಎಲ್ಲರ ಮುಖದಲ್ಲೂ ನಗೆ.

ಪಕ್ಕದಲ್ಲಿ ಬೀಡಿ ಹಚ್ಚಿಕೊಂಡು ಕೂತಿದ್ದ ಮುದುಕ ಬಗ್ಗಿ ನೋಡಿದ.

"ಏನಪಾ ತಮ್ಮಾ ಅದು, ತೆಪ್ಪ ಅಲ್ಲೇನು?"

"ಹೌದ್ ತಾತ. ಗಿರಗಿರ ತಿರುಗಿಸ್ತಾರ. ರೊಕ್ಕ ಕೊಡಬೇಕು."

"ರೊಕ್ಕ ಕೊಟ್ಟು ತೆಪ್ಪದಾಗ ಕುಂದರ್ತೀರೇನು? ನಾವು ಜೀವ ಕೈಯಾಗ ಹಿಡಕೊಂಡು ಕುಂದರ್ತಿದ್ವಿ. ಎದಿಗೆ ಇಂಥಾವು ಯಾರೂ ಕಟ್ಟತಿದ್ದಿಲ್ಲ ನಮಗ."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಬಸ್ಸು ಬಂತು, ಹತ್ತಿದೆ. ಆದರೆ ಸಿರವಾರ ದಾಟುವ ಹೊತ್ತಿಗೆ ಆ ನಗೆ ಬಾಯಲ್ಲಿ ಕಹಿಯಾಯಿತು. ಮುದುಕ ಹೇಳಿದ್ದರಲ್ಲಿ ನಗುವಂಥದ್ದು ಏನಿತ್ತು? ಒಂದೇ ತೆಪ್ಪ, ಒಂದೇ ನೀರು. ಮೋಜಿಗೆ ಹತ್ತುವವನ ಎದೆಗೆ ಜಾಕೆಟ್ ಉಂಟು. ಹೊಟ್ಟೆಪಾಡಿಗೆ ಹತ್ತುವವನಿಗೆ ದೇವರೇ ಗತಿ. ಈ ವಾರದ ಅಂಕಣ ಇದರ ಬಗ್ಗೆಯೇ ಇರಲಿ.

ಎರಡು ಹೊಳೆ ನಡುವಿನ ಜಿಲ್ಲೆ

ನಮ್ಮದು ಎರಡು ಹೊಳೆಗಳ ನಡುವಿನ ಸೀಮೆ. ಬಡಗಲಿಗೆ ಕೃಷ್ಣೆ, ತೆಂಕಲಿಗೆ ತುಂಗಭದ್ರೆ. ಹಳೆಯ ಶಾಸನಗಳು ಇದನ್ನು ಎಡೆದೊರೆ ನಾಡು ಎಂದು ಕರೆದದ್ದೂ ಅದಕ್ಕೇ. ದೇವದುರ್ಗದವರು ಶಹಾಪುರದ ಕಡೆ ಹೋಗಬೇಕಾದರೆ ಹೂವಿನಹೆಡಗಿಯಲ್ಲಿ ಕೃಷ್ಣೆ ದಾಟಬೇಕು. ಮಾನ್ವಿಯ ದಾಸರ ಪದಗಳ ಸೀಮೆಯಲ್ಲಿ ಚೀಕಲಪರ್ವಿ ಇರುವುದೇ ತುಂಗಭದ್ರೆಯ ದಂಡೆಗೆ. ಹೊಳೆ ಇಲ್ಲದ ಮಲ್ಲಟದಂಥ ಊರುಗಳಿಗೂ ನೀರಿನ ಸಹವಾಸ ತಪ್ಪಿದ್ದಲ್ಲ. ಮಾನ್ವಿ, ಸಿರವಾರ ಸೀಮೆಗೆ ತುಂಗಭದ್ರಾ ಎಡದಂಡೆ ಕಾಲುವೆ ಬಂದಿದೆ, ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆ ಬಂದಿದೆ. ಕಾಲುವೆ ಬಂತು, ಭತ್ತ ಬಂತು, ರೊಕ್ಕ ಬಂತು. ಈಜು ಮಾತ್ರ ಬರಲಿಲ್ಲ.

ತೆಪ್ಪವೂ ನಮಗೆ ಹೊಸದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ದೇಶದ ದೊಮಿಂಗೊ ಪಾಯಸ್ ಎಂಬಾತ ಆನೆಗೊಂದಿಯ ಹರಗೋಲುಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ಗುಂಡಗೆ ಹೆಣೆದು, ಹೊರಗೆ ತೊಗಲು ಹೊದಿಸಿ, ಹದಿನೈದು ಇಪ್ಪತ್ತು ಜನರನ್ನು ದಾಟಿಸುತ್ತಾರೆ, ಅದು ಸುತ್ತುತ್ತಲೇ ಮುಂದೆ ಹೋಗುತ್ತದೆ ಎಂದು. ಐನೂರು ವರ್ಷವಾಯಿತು. ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂತು, ಡಾಂಬರು ಬಂತು, ಕೆಲವು ಕಡೆ ಫೈಬರ್ ಬಂತು. ಮಿಕ್ಕದ್ದೆಲ್ಲ ಹಾಗೇ ಇದೆ. ಒಬ್ಬ ಅಂಬಿಗ, ಒಂದು ಹುಟ್ಟು.

ಅದೇ 1520ರಲ್ಲಿ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಹನಿಗೂ ಕಾಳಗ ನಡೆಯಿತು. ಕತ್ತಿಗೆ ಸಿಕ್ಕವರ ಜೊತೆಗೆ, ಓಡಿಹೋಗುವಾಗ ಕೃಷ್ಣೆಯಲ್ಲಿ ಮುಳುಗಿ ಸತ್ತವರೂ ಬಹಳ ಎಂದು ಆ ಕಾಲದವರು ಬರೆದಿದ್ದಾರೆ. ಅಂದರೆ ಈ ಹೊಳೆಯ ಸ್ವಭಾವ ನಮಗೆ ಅಂದಿನಿಂದಲೇ ಗೊತ್ತು. ಗೊತ್ತಿದ್ದೂ ಏನು ಮಾಡಿದ್ದೇವೆ ಎಂಬುದೇ ಪ್ರಶ್ನೆ.

ಸಂತೆಗೆ ಹೋದವರು ಮನೆಗೆ ಬರಲಿಲ್ಲ

ರಾಯಚೂರು ತಾಲೂಕಿನಲ್ಲಿ ಕೃಷ್ಣೆಯ ನಡುಗಡ್ಡೆಗಳಿವೆ. ಕುರ್ವಕುಲಾ, ಕುರ್ವಕುರ್ದಾ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರ ಕುರುವಪುರವೂ ಇಂಥದೇ ನಡುಗಡ್ಡೆ. ಅಲ್ಲಿಗೆ ದೂರದೂರದ ಭಕ್ತರು ಬಂದು ನೀರು ದಾಟುತ್ತಾರೆ. ಭಕ್ತರು ವರ್ಷಕ್ಕೊಮ್ಮೆ ದಾಟಿದರೆ ಗಡ್ಡೆಯವರು ಹಾಲಿಗೆ, ಎಣ್ಣೆಗೆ, ಆಸ್ಪತ್ರೆಗೆ, ಶಾಲೆಗೆ ಎಂದು ದಿನಾ ದಾಟಿದವರು. ಸೇತುವೆ ಬೇಕೆಂಬ ಅವರ ಕೂಗು ಇಂದು ನಿನ್ನೆಯದಲ್ಲ.

2020ರ ಆಗಸ್ಟ್ 17. ಕೊರೊನಾ ಕಾಲ. ಕೃಷ್ಣೆ ತುಂಬಿ ಹರಿಯುತ್ತಿತ್ತು. ಕುರ್ವಕುಲಾದ ಮಂದಿ ಆಚೆ ದಂಡೆಯ ತೆಲಂಗಾಣದ ಪಂಚದೇವಪಹಾಡಕ್ಕೆ ಹೋಗಿ, ಮನೆಗೆ ಬೇಕಾದ ಸಾಮಾನು ತೆಗೆದುಕೊಂಡು ತೆಪ್ಪದಲ್ಲಿ ಹಿಂದಿರುಗುತ್ತಿದ್ದರು. ತೆಪ್ಪದಲ್ಲಿ ಹದಿಮೂರು ಜನ. ನಡುನೀರಿನಲ್ಲಿ ಮಗುಚಿತು. ಒಂಬತ್ತು ಮಂದಿ ಬದುಕಿದರು. ನಾಲ್ವರು ನೀರಿನ ಪಾಲಾದರು.

ಅಂಗಡಿಕಾರ ವಾಚಕರು ಒಮ್ಮೆ ಯೋಚಿಸಿ. ನಿಮ್ಮ ಅಂಗಡಿಯಲ್ಲಿ ಎರಡು ಕಿಲೋ ಸಕ್ಕರೆ, ಒಂದು ಸಾಬೂನು ಕಟ್ಟಿಸಿಕೊಂಡು "ಬರ್ತೀನ್ರಿ ಸಾವ್ಕಾರ್ರ" ಎಂದು ಹೋದ ಗಿರಾಕಿ ಮನೆ ಮುಟ್ಟಲಿಲ್ಲ ಎಂದರೆ ಹೇಗಾಗುತ್ತದೆ? ಅವರು ಮೋಜಿಗೆ ಹೋದವರಲ್ಲ. ಸೆಲ್ಫಿ ತೆಗೆಯಲು ಹೋದವರಲ್ಲ. ಸಂತಿ ಮಾಡಲು ಹೋದವರು.

ಹೊಳೆಯಲ್ಲಿ ನೀರು ಹೆಚ್ಚಿದಾಗ ಸರಕಾರ ಸುಮ್ಮನೆ ಕೂತಿರುತ್ತದೆ ಎಂದೇನಲ್ಲ. ನಾರಾಯಣಪುರದಿಂದ ನೀರು ಬಿಟ್ಟ ಕೂಡಲೇ ದಂಡೆಯ ಊರುಗಳಲ್ಲಿ ಡಂಗುರ ಸಾರುತ್ತಾರೆ. "ಹೊಳಿಗೆ ಇಳಿಬ್ಯಾಡ್ರಿ, ತೆಪ್ಪ ಹಾಕಬ್ಯಾಡ್ರಿ" ಎನ್ನುತ್ತಾರೆ. ಸರಿ. ಆದರೆ ಮನೆಯಲ್ಲಿ ಜ್ವರದ ಕೂಸಿದ್ದರೆ ಡಂಗುರ ಕೇಳಿಕೊಂಡು ಕೂರಲಾದೀತೇ?

ಕ್ಯೂಸೆಕ್ ಅಂದರೆ ಎಷ್ಟು?

ಡಂಗುರದಲ್ಲಿ, ಪೇಪರಿನಲ್ಲಿ, ಟೀವಿಯಲ್ಲಿ ಬರುವ ಮಾತು "ಇಷ್ಟು ಲಕ್ಷ ಕ್ಯೂಸೆಕ್". ಕೇಳುವವರಿಗೆ ಅದು ಬರೀ ಅಂಕಿ. ಲೆಕ್ಕ ಹೀಗಿದೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್ ನೀರು. ಒಂದು ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಬೇಸಿಗೆಯಲ್ಲಿ ನಮ್ಮ ಓಣಿಗೆ ಬರುವ 5 ಸಾವಿರ ಲೀಟರಿನ ಟ್ಯಾಂಕರ್ ಇದೆಯಲ್ಲ, ಅಂಥವು 560ಕ್ಕೂ ಹೆಚ್ಚು ಟ್ಯಾಂಕರ್ ನೀರು ಒಂದೊಂದು ಸೆಕೆಂಡಿಗೆ ನಿಮ್ಮ ಮುಂದೆ ಹಾದು ಹೋದಂತೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಇದರ ಎಷ್ಟೋ ಪಟ್ಟು ಹರಿದು ಹೂವಿನಹೆಡಗಿ ಸೇತುವೆಯನ್ನೇ ನುಂಗಿತ್ತು. ಆ ನೀರಿನ ಮೇಲೆ ಬಿದಿರಿನ ಬುಟ್ಟಿ ಏನು ಮಾಡೀತು?

ಅದೇ ತಿಂಗಳು ತುಂಗಭದ್ರೆಯೂ ಏರಿತ್ತು. ಆನೆಗೊಂದಿ ಹತ್ತಿರದ ವಿರುಪಾಪುರ ಗಡ್ಡೆಯಲ್ಲಿ ಪ್ರವಾಸಿಗರು ಸಿಕ್ಕಿಬಿದ್ದರು. ಅವರನ್ನು ತರಲು ಹೋದ ರಕ್ಷಣಾ ದೋಣಿಯೇ ಮಗುಚಿ ಸಿಬ್ಬಂದಿ ತೇಲಿಹೋದರು. ಆಮೇಲೆ ಅವರೂ ಜೀವಂತ ಸಿಕ್ಕರು, ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ತಂದರು. ತರಬೇತಿ ಪಡೆದು, ಜಾಕೆಟ್ ತೊಟ್ಟು ನೀರಿಗಿಳಿಯುವವರಿಗೇ ಹೀಗಾದರೆ, ಲುಂಗಿ ಎತ್ತಿ ಕಟ್ಟಿದ ಅಂಬಿಗನದೂ ಸೀರೆ ಉಟ್ಟ ತಾಯಿಯದೂ ಪಾಡೇನು?

ಮೋಜಿನ ಕಡೆಗೆ ಸರಕಾರದ ಕೃಪೆ

ಈಗ ಇನ್ನೊಂದು ಕಡೆ ನೋಡೋಣ. ನೀರಿನ ಮೇಲಿನ ಮೋಜಿಗೆ ಸರಕಾರ ಬೆನ್ನು ಕೊಡುತ್ತಿರುವುದು ಸುಳ್ಳಲ್ಲ. ಕರಾವಳಿಯ ಪಡುಬಿದ್ರಿ, ಕಾಸರಕೋಡು ಕಡಲ ದಂಡೆಗಳಿಗೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಎಂಬ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಅದು ಸಿಗಬೇಕಾದರೆ ದಂಡೆ ಚೊಕ್ಕ ಇರಬೇಕು, ಜೀವರಕ್ಷಕರು ನಿಂತಿರಬೇಕು, ಪ್ರಥಮ ಚಿಕಿತ್ಸೆ ಇರಬೇಕು. ಕ್ರೀಡಾ ಇಲಾಖೆಯ ಕೈಕೆಳಗೆ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಜಲಸಾಹಸವನ್ನೂ ಕಲಿಸುತ್ತದೆ. ಗೋವೆಯಲ್ಲಿ ಕೇಂದ್ರ ಸರಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ದೋಣಿ ನಡೆಸುವವರಿಗೆ, ಜೀವರಕ್ಷಕರಿಗೆ ಅಲ್ಲಿ ಪಾಠ ನಡೆಯುತ್ತದೆ.

ಇದೆಲ್ಲ ಬೇಡ ಎಂದು ನಾನು ಹೇಳುತ್ತಿಲ್ಲ. ಮೋಜೂ ಬೇಕು. ರಾಯಚೂರಿನ ಕೋಟೆ ಕೆಳಗಿನ ಮಾವಿನಕೆರೆ, ನಮ್ಮ ಹಿರಿಯರ ಬಾಯಲ್ಲಿ ಆಂ ತಲಾಬ್, ಹೂಳು ತೆಗೆದು, ಒತ್ತುವರಿ ಬಿಡಿಸಿ, ನಾಲ್ಕು ದೋಣಿ ಬಿಟ್ಟರೆ ಸಂಜೆ ಹೊತ್ತು ಮಕ್ಕಳು ಮರಿ ಕರೆದುಕೊಂಡು ಹೋಗಲು ಊರಿಗೊಂದು ಜಾಗವಾಗುತ್ತದೆ. ಚುರುಮುರಿ ಮಾರುವವನಿಗೂ ನಾಲ್ಕು ಕಾಸು. ಸೇತುವೆ ಬಂದ ಕಡೆಯೆಲ್ಲ ಅಂಬಿಗರ ಕಸುಬು ಬೀಳುತ್ತದೆ. ಸಾಣಾಪುರದಲ್ಲಿ ಆದಂತೆ ಆ ಕೈಗಳಿಗೆ ಮೋಜಿನ ದೋಣಿಯ ಕೆಲಸ ಸಿಕ್ಕರೆ ಒಳ್ಳೆಯದೇ.

ಆದರೆ ಮೋಜಿನ ದೋಣಿಯ ಚರಿತ್ರೆಯೂ ಚೆನ್ನಾಗಿಲ್ಲ ಸ್ವಾಮಿ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಬರುತ್ತಿದ್ದ ದೋಣಿ ಕಡಲಲ್ಲಿ ಮಗುಚಿ 16 ಮಂದಿ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಮಂದಿ. 2024ರ ಜನವರಿ 18ರಂದು ಗುಜರಾತಿನ ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದ 12 ಮಕ್ಕಳು, ಇಬ್ಬರು ಶಿಕ್ಷಕಿಯರು. ಊರು ಬೇರೆ, ಭಾಷೆ ಬೇರೆ, ಕಥೆ ಒಂದೇ. ಹಿಡಿಸುವುದಕ್ಕಿಂತ ಹೆಚ್ಚು ಜನ, ಎಲ್ಲರಿಗೂ ಇಲ್ಲದ ಜಾಕೆಟ್. ಆಮೇಲೆ ನಡೆಯುವ ನಾಟಕವೂ ಒಂದೇ. ತನಿಖೆಗೆ ಆದೇಶ, ದೋಣಿ ಬಂದ್, ಒಂದು ತಿಂಗಳು ಎಲ್ಲರ ಎದೆಗೂ ಜಾಕೆಟ್, ಎರಡನೇ ತಿಂಗಳು ಜಾಕೆಟ್ ಮೂಲೆಗೆ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ!

2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಆದದ್ದಂತೂ ನಮ್ಮಂಥ ಬಯಲುಸೀಮೆಯವರು ಮರೆಯಬಾರದು. ಕೋಲಾರ ಜಿಲ್ಲೆಯ ವಸತಿ ಶಾಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರನ್ನು ಕಡಲು ಎಳೆದುಕೊಂಡಿತು. ಬಯಲುಸೀಮೆಯ ಮಕ್ಕಳು ಅವರು. ಅಲೆ ಹಿಂದಕ್ಕೆ ಹೋಗುವಾಗ ಕಾಲ ಕೆಳಗಿನ ಮರಳೂ ಜಾರುತ್ತದೆಂದು ಆ ಮಕ್ಕಳಿಗೆ ಮೊದಲೇ ಕೂರಿಸಿ ಹೇಳಿದವರು ಯಾರು? ನಮ್ಮ ಸಿರವಾರ, ದೇವದುರ್ಗ, ಮಾನ್ವಿ ಶಾಲೆಗಳಿಂದಲೂ ಡಿಸೆಂಬರ್ ಬಂತೆಂದರೆ ಗೋಕರ್ಣ, ಮುರುಡೇಶ್ವರಕ್ಕೆ ಬಸ್ಸು ಹೊರಡುತ್ತವೆ. ಬಸ್ಸಿನಲ್ಲಿ ಪಲಾವಿನ ಪಾತ್ರೆ ಇರುತ್ತದೆ, ಹಾಡಿನ ಪೆಟ್ಟಿಗೆ ಇರುತ್ತದೆ. ಒಂದು ಹಗ್ಗ, ಒಂದು ತೇಲುವ ಟ್ಯೂಬು ಇರುತ್ತದೆಯೇ?

ಕಾಲುವೆ ದಂಡೆಯ ಒಂದು ಮಧ್ಯಾಹ್ನ

ಇಷ್ಟು ಬರೆಯಲು ನನಗೇನು ಹಕ್ಕು ಎಂದು ಕೇಳಬಹುದು. ಇದೆ.

ನಾನು ಪಿಯುಸಿ ಓದುತ್ತಿದ್ದ ವರ್ಷ. ಏಪ್ರಿಲ್ ಬಿಸಿಲು. ನಾವು ನಾಲ್ಕು ಜನ ಗೆಳೆಯರು ಕಾಲುವೆಗೆ ಹೋದೆವು. ಇಬ್ಬರಿಗೆ ಈಜು ಬರುತ್ತಿತ್ತು. ಸೋರೆ ಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಕಲಿತವರು. ಮತ್ತಿಬ್ಬರಿಗೆ ಬರುತ್ತಿರಲಿಲ್ಲ. ಅವರಲ್ಲೊಬ್ಬ ಕೈಕಾಲು ತೊಳೆಯಲು ಇಳಿದ. ಕಾಲುವೆಯ ಇಳಿಜಾರು ಕಲ್ಲಿಗೆ ಪಾಚಿ ಹಿಡಿದಿತ್ತು. ಜಾರಿದ. ಮೇಲೆ ನೋಡಿದರೆ ಕಾಲುವೆ ನೀರು ಸುಮ್ಮನೆ ಮಲಗಿದಂತೆ ಇರುತ್ತದೆ, ಒಳಗೆ ಎಳೆತ ಬಹಳ. ಹಿಡಿದು ಏರೋಣವೆಂದರೆ ಮೆಟ್ಟಿಲಿಲ್ಲ, ಸರಪಳಿ ಇಲ್ಲ.

ಹೊಲದಲ್ಲಿದ್ದವರು ಓಡಿ ಬಂದರು. ಒಂದು ಫರ್ಲಾಂಗ್ ಕೆಳಗೆ ಅವನನ್ನು ಎಳೆದು ಹಾಕಿದೆವು. ಆಗಿನ್ನೂ ಮೈ ಬೆಚ್ಚಗಿತ್ತು. ಒಬ್ಬ ಹಿರಿಯರು ಅವನನ್ನು ಹೆಗಲಿಗೆ ತಲೆಕೆಳಗಾಗಿ ಹಾಕಿಕೊಂಡು ದಂಡೆ ಮೇಲೆ ಓಡಿದರು. ಇನ್ನೊಬ್ಬರು ಹೊಟ್ಟೆ ಒತ್ತಿದರು, ನೀರು ಕಕ್ಕಿಸಲು. ಎಲ್ಲರೂ ಮನಸ್ಸಿಟ್ಟೇ ಮಾಡಿದರು. ಕಾಲು ಗಂಟೆ ಹೀಗೇ ಹೋಯಿತು. ಆಮೇಲೆ ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದರು. ಡಾಕ್ಟರು ನಾಡಿ ಹಿಡಿದು ತಲೆ ಅಲ್ಲಾಡಿಸಿದರು.

ಆ ವರ್ಷ ನಾನು ಕಾಲೇಜು ಬಿಟ್ಟೆ. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಅದು ಬಿಡಿ.

ಹತ್ತು ವರ್ಷದ ಮೇಲೆ, ವರದಿಗಾರನಾಗಿ ಒಂದು ಪ್ರಥಮ ಚಿಕಿತ್ಸೆ ಶಿಬಿರದ ಸುದ್ದಿ ಮಾಡಲು ಹೋಗಿದ್ದೆ. ನೀರಿಗೆ ಬಿದ್ದವನನ್ನು ತಲೆಕೆಳಗೆ ಮಾಡಬಾರದು, ಹೊಟ್ಟೆ ಒತ್ತಬಾರದು ಎಂದು ಅಲ್ಲಿ ಕಲಿಸುತ್ತಿದ್ದರು. ಅಂಗಾತ ಮಲಗಿಸಬೇಕು. ಉಸಿರಿಲ್ಲದಿದ್ದರೆ ಮೂಗು ಹಿಡಿದು ಬಾಯಿಗೆ ಬಾಯಿ ಇಟ್ಟು ಉಸಿರು ಊದಬೇಕು. ಆಮೇಲೆ ಎದೆಯ ನಡುವೆ ಎರಡೂ ಕೈ ಇಟ್ಟು ಜೋರಾಗಿ, ಬೇಗ ಬೇಗ ಮೂವತ್ತು ಸಲ ಒತ್ತಬೇಕು, ಮತ್ತೆ ಎರಡು ಸಲ ಉಸಿರು ಊದಬೇಕು. 108 ಬರುವ ತನಕ ಬಿಡಬಾರದು. ಹೋಗುವ ಒಂದೊಂದು ನಿಮಿಷಕ್ಕೂ ಬೆಲೆ ಇದೆ. ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದವನ ಕೈ ನಿಂತಿತು. ನಾವು ಆ ಕಾಲು ಗಂಟೆ ಏನು ಮಾಡಿದ್ದೆವೋ ಅದೆಲ್ಲ ತಪ್ಪು. ಸರಿಯಾದದ್ದನ್ನು ಮಾಡಿದ್ದರೆ ಅವನು ಬದುಕುತ್ತಿದ್ದನೋ ಇಲ್ಲವೋ, ಯಾರು ಬಲ್ಲರು? ಆದರೆ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಂಗಾಳ ಕೊಲ್ಲಿಯ ಆಳ ಎಷ್ಟು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಊರ ಕಾಲುವೆಯ ಬಗ್ಗೆ ಒಂದು ಮಾತಿಲ್ಲ.

ಲೆಕ್ಕದಲ್ಲಿರುವ ಸಾವು

ಇದು ನಮ್ಮೊಬ್ಬರ ಕಥೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ನೀರಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ನಮ್ಮ ದೇಶದ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರ ಒಂದೇ ವರ್ಷ ಭಾರತದಲ್ಲಿ 38 ಸಾವಿರಕ್ಕೂ ಹೆಚ್ಚು. ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಮುಳುಗಡೆ ಸಾವು ತಡೆಯುವ ದಿನವೆಂದು ಸಾರಿತು. ಕೇಂದ್ರ ಆರೋಗ್ಯ ಇಲಾಖೆ 2023ರ ಡಿಸೆಂಬರಿನಲ್ಲಿ ಇದಕ್ಕೆಂದೇ ಒಂದು ಕಾರ್ಯಸೂಚಿ ಹೊರಡಿಸಿತು. ನಮ್ಮ ಪಕ್ಕದ ಬಾಂಗ್ಲಾದೇಶ ನಮಗಿಂತ ಬಡ ದೇಶ. ಅಲ್ಲಿ ಹಳ್ಳಿ ಕೆರೆಯಲ್ಲೇ ಬಿದಿರಿನ ಅಟ್ಟ ಕಟ್ಟಿ ಸಣ್ಣ ಮಕ್ಕಳಿಗೆ ಈಜು, ತೇಲುವುದು, ಮುಳುಗುವವರನ್ನು ದಂಡೆಯಿಂದಲೇ ಉಳಿಸುವುದು ಕಲಿಸುತ್ತಿದ್ದಾರೆ. ಅಲ್ಲಿಯ ಮಕ್ಕಳಿಗೆ ಸಾಧ್ಯವಾದದ್ದು ಮಾನ್ವಿಯ ಮಕ್ಕಳಿಗೆ ಯಾಕಾಗದು?

ಕಾನೂನಿಲ್ಲ ಎಂದು ಹೇಳುವಂತೆಯೂ ಇಲ್ಲ. ಬ್ರಿಟಿಷರ 1917ರ ಕಾಯ್ದೆ ತೆಗೆದು 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ತಂದರು. ಮೋಟಾರು ದೋಣಿಗಷ್ಟೇ ಅಲ್ಲ, ಯಂತ್ರವಿಲ್ಲದ ದೋಣಿಗೂ ಅದರಲ್ಲಿ ಒಂದು ಅಧ್ಯಾಯವಿದೆ. ಇಂಥ ದೋಣಿಗಳ ಹೆಸರು ಬರೆದಿಡುವ, ಸುರಕ್ಷತೆ ನೋಡುವ ಕೆಲಸವನ್ನು ರಾಜ್ಯ ಸರಕಾರ ಪಂಚಾಯ್ತಿಗಳಿಗೆ ವಹಿಸಬಹುದು. ತುರ್ತು ಕೆಲಸಕ್ಕೆಂದು ರಾಜ್ಯವೊಂದು ನಿಧಿಯನ್ನೂ ಇಡಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲೇ ದೋಣಿ ಸುರಕ್ಷತೆಯ ಸೂಚನೆಗಳನ್ನು ಕೊಟ್ಟಿದೆ. ಎಷ್ಟು ಜನ ಹತ್ತಬಹುದೆಂದು ದೋಣಿ ಮೇಲೆ ಬರೆದಿರಬೇಕು, ಎಲ್ಲರಿಗೂ ಜಾಕೆಟ್ ಇರಬೇಕು, ಅಂಬಿಗನಿಗೆ ತರಬೇತಿ ಇರಬೇಕು ಎಂದು.

ಹೊಳೆ ದಂಡೆಯ ಒಂದು ಊರ ಪಂಚಾಯ್ತಿಯಲ್ಲಿ ಈ ಕಾನೂನಿನ ಬಗ್ಗೆ ಕೇಳಿದೆ. "ತೆಪ್ಪಕ್ಕೂ ರಿಜಿಸ್ಟರ್ ಅದ ಏನ್ರಿ?" ಎಂದು ಅವರೇ ನನ್ನನ್ನು ಕೇಳಿದರು. ತಪ್ಪು ಅವರದಲ್ಲ. ಮೇಲಿನಿಂದ ಕೆಳಗೆ ಬರುವಷ್ಟರಲ್ಲಿ ಕಾನೂನೂ ನಮ್ಮ ಕಾಲುವೆ ನೀರಿನಂತೆ. ಕೊನೇ ಭಾಗದವರಿಗೆ ಮುಟ್ಟುವುದಿಲ್ಲ.

ಸೋರೆ ಬುರುಡೆಯ ಪಾಠ

2014ರ ಮಳೆಗಾಲದಲ್ಲಿ ಪಕ್ಕದ ಯಾದಗಿರಿ ಜಿಲ್ಲೆಯ ನೀಲಕಂಠರಾಯನ ಗಡ್ಡೆಯ ತುಂಬು ಗರ್ಭಿಣಿಯೊಬ್ಬಳು ಹೆರಿಗೆಗೆ ಆಸ್ಪತ್ರೆ ಸೇರಬೇಕೆಂದು ತುಂಬಿದ ಕೃಷ್ಣೆಯನ್ನು ಈಜಿ ದಾಟಿದಳು. ಒಣಗಿದ ಸೋರೆ, ಕುಂಬಳದ ಬುರುಡೆಗಳನ್ನು ಮೈಗೆ ಕಟ್ಟಿಕೊಂಡಿದ್ದಳು. ಮನೆಯ ಗಂಡಸರು ಜೊತೆಗೆ ಈಜುತ್ತಿದ್ದರು. ದೇಶದ ಪೇಪರುಗಳೆಲ್ಲ ಆಕೆಯ ಧೈರ್ಯ ಹೊಗಳಿದವು. ಹೊಗಳಬೇಕಾದ್ದೇ. ಆದರೆ ಹೊಗಳಿಕೆಯ ಗದ್ದಲದಲ್ಲಿ ಒಂದು ವಿಷಯ ಮರೆಯಿತು. ಆಕೆಯನ್ನು ತೇಲಿಸಿದ್ದು ಬುರುಡೆ. ನಮ್ಮ ಅಜ್ಜಂದಿರ ಲೈಫ್ ಜಾಕೆಟ್ ಅದು. ಒಳಗೆ ಗಾಳಿ ಇದ್ದದ್ದು ತೇಲುತ್ತದೆ, ಅದನ್ನು ಮೈಗೆ ಕಟ್ಟಿಕೊಂಡವರೂ ತೇಲುತ್ತಾರೆ. ಇಷ್ಟೇ ವಿದ್ಯೆ. ಇದಕ್ಕೆ ಕೋಟಿ ರೂಪಾಯಿ ಬೇಡ.

ಒಂದು ಸಾದಾ ಜಾಕೆಟ್ ಸಾವಿರ ರೂಪಾಯಿ ಆಚೀಚೆ ಸಿಗುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟಿನಲ್ಲಿ 5 ಸಾವಿರ ಕೋಟಿ ಘೋಷಿಸಿದ್ದರು, ಮರುವರ್ಷವೂ ಅಷ್ಟೇ. ಅದರಲ್ಲಿ ಜಿಲ್ಲೆಯ ಹೊಳೆ ದಂಡೆಯ ಒಂದೊಂದು ಕಡವಿಗೆ ಇಪ್ಪತ್ತು ಜಾಕೆಟ್ ಇಡುವುದು ಎಷ್ಟರ ಮಾತು? ಉಪ್ಪಿನಕಾಯಿಗೂ ಸಾಲದ ಖರ್ಚು.

ಹಾಗಾದರೆ ಆಗಬೇಕಾದ್ದೇನು? ದೊಡ್ಡ ಪಟ್ಟಿ ಬೇಡ.

ಮೊದಲನೆಯದು, ತೆಪ್ಪ ಇರುವ ಕಡವುಗಳಲ್ಲಿ ಜಾಕೆಟ್, ಹಗ್ಗ, ಮತ್ತು ಎಷ್ಟು ಜನ ಹತ್ತಬೇಕೆಂಬ ಬೋರ್ಡು. ಪಂಚಾಯ್ತಿಯ ಪುಸ್ತಕದಲ್ಲಿ ಅಂಬಿಗನ ಹೆಸರು, ಕೈಗೆ ಗುರುತಿನ ಚೀಟಿ.

ಎರಡನೆಯದು, ಕೇಂದ್ರದ ‘ಆಪದಾ ಮಿತ್ರ’ ಯೋಜನೆಯಲ್ಲಿ ದೇಶದ 350 ಜಿಲ್ಲೆಗಳ ಒಂದು ಲಕ್ಷ ಸ್ವಯಂಸೇವಕರಿಗೆ ತರಬೇತಿ ಎಂದು ಹೇಳಿದ್ದರು. ಇಂಥ ತರಬೇತಿಗೆ ಮೊದಲು ಕರೆಯಬೇಕಾದವರು ನಮ್ಮ ಅಂಬಿಗರು, ಮೀನುಗಾರರು. ಹೊಳೆಯ ಸುಳಿ ಎಲ್ಲಿದೆ, ಮೊಸಳೆ ಎಲ್ಲಿ ಮಲಗುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಅಧಿಕಾರಿಗೂ ಗೊತ್ತಿಲ್ಲ. ಹೊಳೆಯಲ್ಲಿ ಹೆಣ ಹುಡುಕಲು ಮಾತ್ರ ಅವರನ್ನು ಕರೆಯುವ ಪದ್ಧತಿ ನಿಲ್ಲಲಿ. ಜೀವ ಉಳಿಸಲು ಕರೆಯಿರಿ, ದಿನಗೂಲಿ ಕೊಡಿ.

ಮೂರನೆಯದು, ಶಾಲೆಯಲ್ಲಿ ನೀರಿನ ಪಾಠ. ಎಲ್ಲ ಊರಿಗೂ ಈಜುಕೊಳ ಕಟ್ಟಿ ಎಂದು ಕೇಳುತ್ತಿಲ್ಲ. ವರ್ಷಕ್ಕೆ ನಾಲ್ಕು ತಾಸು ಸಾಕು. ಗೆಳೆಯ ಮುಳುಗುತ್ತಿದ್ದರೆ ಈಜು ಬಂದರೂ ಜಿಗಿಯಬೇಡ, ಅವನು ನಿನ್ನನ್ನೂ ಅಪ್ಪಿ ಮುಳುಗಿಸುತ್ತಾನೆ. ಹಗ್ಗ ಎಸೆ, ಸೀರೆ ಎಸೆ, ಕೋಲು ಚಾಚು, ಖಾಲಿ ಎಣ್ಣೆ ಕ್ಯಾನಿನ ಮುಚ್ಚಳ ಬಿಗಿದು ಎಸೆ. ನೀನೇ ಬಿದ್ದರೆ ಬಡಿದಾಡಬೇಡ, ಅಂಗಾತ ತೇಲು. ತೆಪ್ಪದಲ್ಲಿ ಎದ್ದು ನಿಲ್ಲಬೇಡ, ಎಲ್ಲರೂ ಒಂದೇ ಕಡೆ ವಾಲಬೇಡಿ, ಮಗುಚಿದರೆ ತೆಪ್ಪವನ್ನೇ ಹಿಡಿದುಕೋ. ಇದನ್ನು ಐದನೇ ಇಯತ್ತೆಯ ಹುಡುಗನೂ ಕಲಿಯುತ್ತಾನೆ. ಹುಡುಗಿಯರನ್ನು ಈ ಪಾಠದಿಂದ ಹೊರಗಿಡಬೇಡಿ. ಕಾಲುವೆಗೆ ಬಟ್ಟೆ ಒಗೆಯಲು ಹೋಗುವವರು ಅವರೇ.

ನಾಲ್ಕನೆಯದು, ಊರ ಹತ್ತಿರ ಹಾಯುವ ಕಾಲುವೆಗೆ ಅಲ್ಲಲ್ಲಿ ಮೆಟ್ಟಿಲು, ಹಿಡಿಯಲು ಸರಪಳಿ. ಮಾವಿನಕೆರೆಗೋ ಮತ್ತೊಂದಕ್ಕೋ ದೋಣಿ ಬರುವ ದಿನ ಬಂದರೆ, ದೋಣಿಗಿಂತ ಮೊದಲು ಜೀವರಕ್ಷಕ ಬರಲಿ.

ಸರಕಾರದ ದಾರಿ ಕಾಯುವಷ್ಟರಲ್ಲಿ ನಾವೂ ಸ್ವಲ್ಪ ಮಾಡಬಹುದು. ಕಾಲುವೆ ಸೇತುವೆ ಹತ್ತಿರ ಅಂಗಡಿ ಇಟ್ಟವರು ಒಂದು ಉದ್ದನೆಯ ನೂಲಿನ ಹಗ್ಗ, ಎರಡು ಖಾಲಿ ಕ್ಯಾನು ಮೊಳೆಗೆ ನೇತು ಹಾಕಿ. ಯಾರೂ ಕದಿಯುವುದಿಲ್ಲ. ಕದ್ದರೂ ಹೋಗಲಿ, ಇನ್ನೊಂದು ಕಟ್ಟಿ.

ಮಂಗಳವಾರ ಮತ್ತೆ ಅದೇ ಬಸ್ ಸ್ಟ್ಯಾಂಡಿಗೆ ಹೋದೆ. ಮುದುಕ ಅಲ್ಲೇ ಇದ್ದ. "ತಾತ, ನಿನ್ನ ಮಾತು ಪೇಪರಿಗೆ ಹಾಕ್ತೀನಿ" ಎಂದೆ.

"ಹಾಕಪಾ. ನಾನಂತೂ ಇನ್ನ ತೆಪ್ಪ ಹತ್ತಾಂವಲ್ಲ. ನನ್ನ ಮಗಳನ್ನ ಕೊಟ್ಟದ್ದು ಹೊಳಿ ದಂಡಿ ಊರಿಗೆ. ಆಕಿ ಮಕ್ಕಳು ಇನ್ನ ಸಣ್ಣವು" ಎಂದ.

ಬಸ್ಸು ಅಂದೂ ತಡವಾಗಿಯೇ ಬಂತು. ಬಸ್ಸು ತಡವಾದರೆ ಬೈದುಕೊಂಡು ಕಾಯುತ್ತೇವೆ. ಹೊಳೆಯ ವಿಷಯದಲ್ಲಿ ತಡವಾದರೆ ಕಾಯಲು ಯಾರು ಉಳಿದಿರುತ್ತಾರೆ? ಮುಂದಿನ ಮಳೆಗಾಲಕ್ಕೆ ಮುಂಚೆ ಸಂಬಂಧಪಟ್ಟವರು ಒಮ್ಮೆ ಜೀಪು ಬಿಟ್ಟು ತೆಪ್ಪದಲ್ಲಿ ಹೊಳೆ ದಾಟಿ ನೋಡುವರೇ? ಜಾಕೆಟ್ ಇಲ್ಲದೆ!